ಗಣಿತವನ್ನು ಹೊರಗಟ್ಟಬೇಡಿ

ಮಾನ್ಯರೇ,

ವಿಚಾರಗಳು ಹರಡುವ ಬಗೆಯನ್ನು ಸಮೀಕರಣಗಳಲ್ಲಿ ಹಿಡಿಯುವ ಪ್ರಯತ್ನಗಳ ಬಗ್ಗೆ ನಾವು ಪ್ರಕಟಿಸಿದ ಲೇಖನ ನಿಮ್ಮನ್ನು ಕೆರಳಿಸಿದೆ. ‘ವಿಚಾರವೇನು ನೆಗಡಿಯೇ, ಒಬ್ಬರಿಂದ ಒಬ್ಬರಿಗೆ ಅಂಟಲು? ಮನುಷ್ಯ ಯೋಚಿಸಿ ಒಪ್ಪುತ್ತಾನೆ’ ಎಂದು ಬರೆದಿದ್ದೀರಿ. ನಿಜ, ರೋಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ವಿಚಾರಕ್ಕೆ ನಮ್ಮ ಒಪ್ಪಿಗೆ ಬೇಕು. ಇಷ್ಟು ಚೆನ್ನಾಗಿ ಬರೆಯಬಲ್ಲ ನೀವು ಅಷ್ಟಕ್ಕೇ ಗಣಿತವನ್ನು ಹೊರಗಟ್ಟಿದಿರಲ್ಲ, ಅದೇ ಬೇಸರ.

ವಿಜ್ಞಾನಿಗಳಾದ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಸಾಂಕ್ರಾಮಿಕ ರೋಗ ಹರಡುವ ಬಗೆಗೆ ಸಮೀಕರಣ ಬರೆದರು. 1964ರಲ್ಲಿ ಗಾಳಿಸುದ್ದಿಗೆ ಗಣಿತದ ಮಾದರಿ ಕಟ್ಟಿದ ಸಂಖ್ಯಾಶಾಸ್ತ್ರಜ್ಞರಾದ ಡೇಲಿ ಮತ್ತು ಕೆಂಡಲ್ ಅದನ್ನು ಹಾಗೇ ನಕಲು ಮಾಡಲಿಲ್ಲ. ರೋಗಿ ದಿನ ಕಳೆದಂತೆ ಗುಣವಾಗುತ್ತಾನೆ. ಸುದ್ದಿ ಹಬ್ಬಿಸುವವನು ಸುಮ್ಮನಾಗುವುದು ‘ಅದು ನನಗಾಗಲೇ ಗೊತ್ತು’ ಎನ್ನುವವರು ಎದುರಾದಾಗ. ಎಂಥ ಸೂಕ್ಷ್ಮ ನೋಟ! ಇದನ್ನು ಲೆಕ್ಕಕ್ಕೆ ಸೇರಿಸಿದರೆ, ದೊಡ್ಡ ಸಮುದಾಯವೊಂದರಲ್ಲಿ ಒಬ್ಬನಿಂದ ಹೊರಟ ಸುದ್ದಿ ತಣ್ಣಗಾಗುವ ಹೊತ್ತಿಗೂ ಸುಮಾರು ಶೇ. 20ರಷ್ಟು ಮಂದಿಯ ಕಿವಿಗೆ ಬಿದ್ದಿರುವುದಿಲ್ಲ. ಕೇಳದವರು ಇನ್ನೂ ಉಳಿದಿರುವಾಗಲೇ ಹೇಳುವವರ ಉತ್ಸಾಹ ಬತ್ತಿರುತ್ತದೆ. ಬರೀ ಊಹೆಗೆ ಇದು ಹೊಳೆಯುತ್ತಿತ್ತೇ?

ನೀವು ಹೇಳುವ, ಯೋಚಿಸಿ ಒಪ್ಪುವ ಮನುಷ್ಯನನ್ನೂ ಗಣಿತ ಮರೆತಿಲ್ಲ. ಸಮಾಜಶಾಸ್ತ್ರಜ್ಞ ಗ್ರಾನೊವೆಟರ್ 1978ರಲ್ಲಿ ಒಂದು ಗುಂಪನ್ನು ಕಲ್ಪಿಸಿದರು. ನೂರು ಮಂದಿ. ಒಬ್ಬ ಯಾರಿಗೂ ಕಾಯದೆ ಗಲಭೆಗೆ ಇಳಿಯುತ್ತಾನೆ; ಇನ್ನೊಬ್ಬನಿಗೆ ಒಬ್ಬರು ಇಳಿದಿರಬೇಕು, ಮತ್ತೊಬ್ಬನಿಗೆ ಇಬ್ಬರು, ಹೀಗೇ 99ರವರೆಗೆ. ಒಬ್ಬರ ಹಿಂದೊಬ್ಬರಂತೆ ನೂರೂ ಮಂದಿ ಇಳಿಯುತ್ತಾರೆ. ಈಗ ಒಬ್ಬರಿಗಾಗಿ ಕಾಯುತ್ತಿದ್ದವನು ಇಬ್ಬರಿಗಾಗಿ ಕಾಯುತ್ತಾನೆ ಎನ್ನಿ. ಮೊದಲನೆಯವನು ಒಂಟಿಯಾಗಿ ಉಳಿಯುತ್ತಾನೆ, ಗಲಭೆ ಅಲ್ಲಿಗೇ ನಿಂತಿತು. ಹೊರಗಿನಿಂದ ನೋಡಿದವರು ಮೊದಲನೆಯದನ್ನು ಪುಂಡರ ಗುಂಪೆಂದೂ ಎರಡನೆಯದನ್ನು ಸಂಯಮಿಗಳ ಗುಂಪೆಂದೂ ಬರೆದುಬಿಡುತ್ತಾರೆ. ಬದಲಾದದ್ದು ಒಬ್ಬನ ಮನಸ್ಸು ಮಾತ್ರ.

ನನ್ನ ಸಂಕಟ ಇರುವುದೇ ಇಲ್ಲಿ. ‘ಜನ ಎಚ್ಚೆತ್ತಿದ್ದಾರೆ’, ‘ಸಮಾಜ ಕೆಟ್ಟುಹೋಗಿದೆ’ ಎಂಬ ತೀರ್ಪುಗಳು ನಮ್ಮ ಮೇಜಿಗೆ ರಾಶಿ ರಾಶಿ ಬರುತ್ತವೆ. ಎಷ್ಟು ಜನ, ಯಾರಿಂದ ಯಾರಿಗೆ, ಎಲ್ಲಿ ನಿಂತಿತು ಎಂದು ಕೇಳಿದರೆ ಲೇಖಕರು ಮುನಿಸಿಕೊಳ್ಳುತ್ತಾರೆ. ಲೆಕ್ಕ ಬಾರದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ವಿದ್ಯಾವಂತರನ್ನು ಕಂಡರೆ ನನಗೆ ನೋವಾಗುತ್ತದೆ. ಓದಲು ಬಾರದು ಎಂದು ಅವರು ಹಾಗೆ ಹೇಳಿಕೊಳ್ಳುವುದಿಲ್ಲ. ಪತ್ರಿಕೆಗಳೂ ಓದುಗರು ಓಡಿಹೋಗುತ್ತಾರೆಂದು ಹೆದರಿ ಸಮೀಕರಣಗಳನ್ನು ಕಿತ್ತುಹಾಕಿ, ಆಮೇಲೆ ಜನರಿಗೆ ವೈಜ್ಞಾನಿಕ ಮನೋಭಾವವಿಲ್ಲವೆಂದು ಸಂಪಾದಕೀಯ ಬರೆಯುತ್ತವೆ.

ಆ ನೂರು ಮಂದಿಯ ಲೆಕ್ಕವನ್ನು ದಯವಿಟ್ಟು ಪೆನ್ಸಿಲ್ ಹಿಡಿದು ನೀವೇ ಮಾಡಿ ನೋಡಿ. ಆಮೇಲೂ ಆಕ್ಷೇಪ ಉಳಿದರೆ ಬರೆಯಿರಿ, ಪೂರ್ತಿ ಪ್ರಕಟಿಸುತ್ತೇವೆ.

– ಸಂ.