ಜಾವಾ ಸರ್ವೀಸ್ ಒಂದೂವರೆ ದಿನಕ್ಕೊಮ್ಮೆ 'ಟೂ ಮೆನಿ ಓಪನ್ ಫೈಲ್ಸ್' ಅಂತ ಬೀಳ್ತಿದೆ, ನಿಮಿಷಕ್ಕೊಂದ್ಸಲ ಫೋಲ್ಡರ್ ಸ್ಕ್ಯಾನ್ ಮಾಡುತ್ತೆ, ಓದಿದ ಫೈಲೆಲ್ಲ ಕ್ಲೋಸ್ ಮಾಡಿದೀನಿ, ಇನ್ನೆಲ್ಲಿ ಲೀಕ್?

ಫೈಲ್ ಓದೋ ಕೋಡಲ್ಲಿ ಹುಡುಕ್ತಾ ಕೂತ್ರೆ ಸಿಗಲ್ಲ, ನಂಗೆ ಡೌಟ್ ಇರೋದು ಆ ಸ್ಕ್ಯಾನ್ ಮೇಲೇನೇ. ಎರರ್ ಎಲ್ಲಿ ಬಂತು ಅಂತ ತೋರಿಸೋ ಸ್ಟ್ಯಾಕ್ ಟ್ರೇಸ್ ನೋಡಿ ಮೋಸ ಹೋಗ್ಬೇಡಿ, ಕೋತಿ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ಹ್ಯಾಂಡಲ್ (ಓಪನ್ ಮಾಡಿದ ಒಂದೊಂದಕ್ಕೂ ಓಎಸ್ ಕೊಡೋ ನಂಬರ್, ಡಿಸ್ಕ್ರಿಪ್ಟರ್ ಅಂದ್ರೂ ಇದೇ) ಖಾಲಿ ಮಾಡಿದ್ದು ಒಬ್ರು, ಆ ಹೊತ್ತಲ್ಲಿ ಫೈಲ್ ಓಪನ್ ಮಾಡಕ್ಕೆ ಹೋಗಿ ಸಿಕ್ಕಾಕೊಂಡಿದ್ದು ಇನ್ನೊಬ್ರು.

ಸರ್ವೀಸ್ ಓಡ್ತಿರೋವಾಗ್ಲೇ ಅದರ ಪಿಐಡಿ (ಪ್ರೋಸೆಸ್ ನಂಬರ್) ಕೊಟ್ಟು ಎಲ್ಎಸ್ಒಎಫ್ (ಓಪನ್ ಇರೋ ಫೈಲೆಲ್ಲ ಪಟ್ಟಿ ಮಾಡೋ ಕಮಾಂಡ್) ಹಾಕಿ. ಟೈಪ್ ಕಾಲಂನಲ್ಲಿ ಆರ್‌ಇಜಿ ಅಂದ್ರೆ ಮಾಮೂಲಿ ಫೈಲು. ಡಿಐಆರ್ (ಡೈರೆಕ್ಟರಿ, ಅಂದ್ರೆ ಫೋಲ್ಡರ್) ಅಂತಿದ್ದು ಅದೇ ಫೋಲ್ಡರ್ ಹೆಸರು ಪುಟಗಟ್ಟಲೆ ಬರ್ತಿದ್ರೆ ಕಳ್ಳ ಸಿಕ್ಕ.

ಬಹುಶಃ ನೀವು ಫೋಲ್ಡರಲ್ಲಿ ಏನೇನಿದೆ ಅಂತ ಒಂದೊಂದಾಗಿ ಕೊಡೋ ಫೈಲ್ಸ್ ಡಾಟ್ ಲಿಸ್ಟ್ ಬಳಸ್ತಿದೀರ, ಜಾವಾ 8ರಲ್ಲಿ ಬಂದಿದ್ದು. ನೋಡಕ್ಕೆ ಮಾಮೂಲಿ ಸ್ಟ್ರೀಮ್ ಥರಾನೇ ಇರೋದ್ರಿಂದ ಯಾರೂ ಅದನ್ನ ಕ್ಲೋಸ್ ಮಾಡಲ್ಲ, ಕಲೆಕ್ಟ್ ಮಾಡಿ ಬಿಟ್ಬಿಡ್ತಾರೆ, ಆದ್ರೆ ಒಳಗಡೆ ಓಪನ್ ಆಗಿರೋ ಡೈರೆಕ್ಟರಿ ಇದೆ, ಕೊನೇ ಎಂಟ್ರಿ ತನಕ ಓದಿದ್ರೂ ಅದು ತಾನಾಗೇ ಮುಚ್ಕೊಳಲ್ಲ, ಬೇಡದ ಮೆಮೊರಿ ಕ್ಲೀನ್ ಮಾಡೋ ಗಾರ್ಬೇಜ್ ಕಲೆಕ್ಟರ್ ಬಂದು ಮುಚ್ಚುತ್ತೆ ಅಂತಾನೂ ಕಾಯ್ಬೇಡಿ. ಮಜಾ ಏನಂದ್ರೆ ಲಿನಕ್ಸಲ್ಲಿ ಸಾಮಾನ್ಯವಾಗಿ ಒಂದು ಲಿಸ್ಟಿಗೆ ಎರಡು ಡಿಸ್ಕ್ರಿಪ್ಟರ್ ಹೋಗುತ್ತೆ, ಓಪನ್ ಮಾಡಿದ್ದನ್ನ ಡುಪ್ (ನಕಲು) ಮಾಡಿ ಇನ್ನೊಂದು ಇಟ್ಕೊಳತ್ತೆ. ನಿಮ್ಮ ಲೆಕ್ಕಾನೇ ಹಾಕಿ: ದಿನಕ್ಕೆ 1440 ಸ್ಕ್ಯಾನ್, ಎರಡೆರಡು ಅಂದ್ರೆ 2880, ಒಂದು ಪ್ರೋಸೆಸ್ ಓಪನ್ ಇಟ್ಕೊಳ್ಳೋ ಲಿಮಿಟ್ 4096 ಇದ್ರೆ ಹೆಚ್ಚುಕಮ್ಮಿ ಒಂದೂವರೆ ದಿನ. ಆ ಲಿಮಿಟ್ ತೋರಿಸೋ ಯುಲಿಮಿಟ್ ಕಮಾಂಡ್ 1024 ತೋರಿಸ್ತಿದ್ಯಲ್ಲ ಅಂತೀರೇನೋ, ಅದು ಸಾಫ್ಟ್ ಲಿಮಿಟ್ (ಸದ್ಯದ ಮಿತಿ), ಜೆವಿಎಂ (ಜಾವಾ ಕೋಡ್ ಓಡಿಸೋ ಪ್ರೋಗ್ರಾಮ್) ಶುರುವಾಗುವಾಗ ತಾನೇ ಅದನ್ನ ಹಾರ್ಡ್ ಲಿಮಿಟ್ (ಏರಿಸಬಹುದಾದ ಗರಿಷ್ಠ ಮಿತಿ) ತನಕ ಏರಿಸ್ಕೊಳತ್ತೆ. ನಿಜವಾದ ನಂಬರ್ ಬೇಕಂದ್ರೆ ಪ್ರೋಕ್ (/proc ಫೋಲ್ಡರ್) ಒಳಗೆ ಆ ಪಿಐಡಿಯ ಲಿಮಿಟ್ಸ್ ಫೈಲ್ ತೆಗೆದು ನೋಡಿ.

ಒಳಗಿನ ಫೋಲ್ಡರ್‌ಗೂ ಇಳಿದು ಹೋಗೋ ಫೈಲ್ಸ್ ಡಾಟ್ ವಾಕ್ ಕಥೆ ಸ್ವಲ್ಪ ಬೇರೆ. ಪೂರ್ತಿ ಓಡಿಸಿದ್ರೆ ಒಂದೊಂದೇ ಫೋಲ್ಡರ್ ಮುಗೀತಿದ್ದಂಗೆ ಮುಚ್ಕೊಂಡು ಹೋಗುತ್ತೆ, ಹಂಗಾಗಿ ಟೆಸ್ಟಲ್ಲಿ ಲೀಕೇ ಕಾಣಲ್ಲ. ಫೈಂಡ್‌ಫಸ್ಟ್ ಹಾಕಿ ಮಧ್ಯದಲ್ಲೇ ನಿಲ್ಸಿದ್ರೆ, ಇಲ್ಲಾ ಎಕ್ಸೆಪ್ಶನ್ ಬಂದ್ರೆ, ಆ ಕ್ಷಣಕ್ಕೆ ಮೇಲಿಂದ ಕೆಳಗಿನ ತನಕ ತೆರೆದಿದ್ದ ಫೋಲ್ಡರ್ ಎಲ್ಲಾ ಹಾಗೇ ಉಳಿಯುತ್ತೆ. ಇದು ಇನ್ನೂ ಕೆಟ್ಟದ್ದು, ಯಾವಾಗ್ಲೋ ಒಂದ್ಸಲ ಆಗೋದಲ್ವಾ.

ಕೋಡಲ್ಲಿ ಲಿಸ್ಟ್, ವಾಕ್, ಫೈಂಡ್, ನ್ಯೂಡೈರೆಕ್ಟರಿಸ್ಟ್ರೀಮ್ ಎಲ್ಲೆಲ್ಲಿದೆ ಅಂತ ಗ್ರೆಪ್ ಮಾಡಿ (ಹುಡುಕಿ), ಎಲ್ಲಾನೂ ಟ್ರೈ-ವಿತ್-ರಿಸೋರ್ಸಸ್ (ಕೆಲಸ ಮುಗಿದ್ಮೇಲೆ ತಾನೇ ಕ್ಲೋಸ್ ಮಾಡೋ ಬ್ಲಾಕ್) ಒಳಗೆ ಹಾಕಿ. ಫ್ಲ್ಯಾಟ್‌ಮ್ಯಾಪ್ (ಹಲವು ಸ್ಟ್ರೀಮ್ ಸೇರಿಸಿ ಒಂದು ಮಾಡೋದು) ಒಳಗಿಂದ ರಿಟರ್ನ್ ಮಾಡಿರೋ ಸ್ಟ್ರೀಮನ್ನ ಅದೇ ಕ್ಲೋಸ್ ಮಾಡುತ್ತೆ, ಅದನ್ನ ಮುಟ್ಟೋದು ಬೇಡ, ಆದ್ರೆ ಹೊರಗಿನ ಸ್ಟ್ರೀಮ್ ನಿಮ್ಮ ತಲೆನೋವೇ. ಲಿಮಿಟ್ ಜಾಸ್ತಿ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಒಂದೂವರೆ ದಿನ ಹೋಗಿ ತಿಂಗಳಾಗುತ್ತೆ ಅಷ್ಟೇ. ಫಿಕ್ಸ್ ಹಾಕಿದ್ಮೇಲೆ ಪ್ರೋಕ್‌ನಲ್ಲಿ ಎಫ್‌ಡಿ ಫೋಲ್ಡರಲ್ಲಿ (ಓಪನ್ ಇರೋ ಡಿಸ್ಕ್ರಿಪ್ಟರ್ ಪಟ್ಟಿ) ಎಷ್ಟು ಎಂಟ್ರಿ ಇದೆ ಅಂತ ಎಣಿಸಿ, ಹತ್ತು ಸ್ಕ್ಯಾನ್ ಆದ್ಮೇಲೆ ಮತ್ತೆ ಎಣಿಸಿ, 20 ಏರಿದ್ರೆ ಇನ್ನೂ ಎಲ್ಲೋ ಒಂದು ಉಳ್ಕೊಂಡಿದೆ.