ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲಾ, ಹೊಸದು ಕೊಳ್ಳಲಾ? ಅಮ್ಮನ ಹಾಡುಗಳು ಯಾವುದರಲ್ಲಿ ಸರಿಯಾಗಿ ಕೇಳುತ್ತವೆ?

ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ, ನಿಮ್ಮದು 6ನೇ ಜನರೇಷನ್ ಐ5 ಪ್ರೊಸೆಸರ್, ಅದಕ್ಕೆ ಅಧಿಕೃತವಾಗಿ 11 ಬರುವುದಿಲ್ಲ, ಲಿನಕ್ಸ್ (ವಿಂಡೋಸಿನ ಬದಲು ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್) ಹಾಕಿದರೆ ಅಮ್ಮ ಹೇಳಿದ ಸಂಪ್ರದಾಯದ ಹಾಡುಗಳ ಫೋಲ್ಡರ್ ಏನಾಗುತ್ತದೋ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. 2009ರಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ನಿಮ್ಮದು ಅಮ್ಮನ ಹಾಡು, ನನ್ನದು ಅಪ್ಪಯ್ಯನ ತಾಳಮದ್ದಲೆ. ಅಷ್ಟೇ ವ್ಯತ್ಯಾಸ.

ನಮ್ಮದು ಸಾಗರದ ಕಡೆ ಒಂದು ಹಳ್ಳಿ. ಅಪ್ಪಯ್ಯ ಹಗಲೆಲ್ಲ ತೋಟದಲ್ಲಿ ದುಡಿದು ರಾತ್ರಿ ತಾಳಮದ್ದಲೆಗೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಹೋಗಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದರು. ದೊಡ್ಡ ಹೆಸರಿನ ಅರ್ಥಧಾರಿ ಅಲ್ಲ, ಆದರೆ ಸುತ್ತ ಹತ್ತಾರು ಊರಿನಲ್ಲಿ ಕರ್ಣಭೇದನ ಪ್ರಸಂಗ ಇಟ್ಟುಕೊಂಡರೆ ಕರ್ಣನಿಗೆ ಅವರನ್ನೇ ಕರೆಯುತ್ತಿದ್ದರು. ಯಾರ್ಯಾರೋ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಟ್ಟ 22 ಕ್ಯಾಸೆಟ್ ಮನೆಯಲ್ಲಿದ್ದವು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಕ್ಯಾಸೆಟ್ಟಿಗೆ ಬೂಸಲು ಹಿಡಿಯತೊಡಗಿತು. 2004ರಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಕೊಟ್ಟು ಎಲ್ಲವನ್ನೂ ಆಡಿಯೊ ಸಿಡಿ ಮಾಡಿಸಿದೆವು. 28 ಸಿಡಿ ಆದವು, ಒಂದೊಂದೂ ಹೆಚ್ಚುಕಡಿಮೆ ಒಂದು ಗಂಟೆ. ಸಿಡಿ ಬಂತಲ್ಲ ಅಂತ ಕ್ಯಾಸೆಟ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟೆವು. ಅವರು ಅದರ ಮೇಲೆ ಬೇರೆ ಏನೋ ತುಂಬಿಸಿಕೊಂಡರು.

ಆಗ ಮನೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅಸೆಂಬಲ್ ಮಾಡಿಸಿದ್ದು, ವಿಂಡೋಸ್ ಎಕ್ಸ್‌ಪಿ, 40 ಜಿಬಿ ಹಾರ್ಡ್ ಡಿಸ್ಕ್. ನಾನು ಸಿಡಿಗಳನ್ನು ಒಂದೊಂದಾಗಿ ಅದಕ್ಕೆ ಇಳಿಸಲು ಕೂತೆ. ಸಿಡಿಯಲ್ಲಿದ್ದ ಹಾಗೇ ಇಟ್ಟುಕೊಂಡರೆ ನಿಮಿಷಕ್ಕೆ 10 ಎಂಬಿ, 28 ಗಂಟೆಗೆ 17-18 ಜಿಬಿ ಬೇಕು. ಅಂದರೆ ಅರ್ಧ ಡಿಸ್ಕ್ ಅಪ್ಪಯ್ಯನಿಗೇ ಹೋಗುತ್ತದೆ. ಡಬ್ಲ್ಯೂಎಂಎ ಅನ್ನುವ, ಸದ್ದನ್ನು ಕುಗ್ಗಿಸಿಡುವ ಬಗೆಯ ಫೈಲ್ ಮಾಡಿದರೆ, ಅದೂ 64 ಕೆಬಿಪಿಎಸ್‌ನಲ್ಲಿ, ಎಲ್ಲ ಸೇರಿ 800 ಎಂಬಿ. ಮಾತಿಗೆ ಅಷ್ಟು ಸಾಕು ಅನ್ನಿಸಿತು. ಅದೇ ಮಾಡಿದೆ. ಎರಡು ವಾರ, ದಿನಾ ಸಂಜೆ ಕೂತು, ಪ್ರತಿ ಫೈಲಿಗೂ ಪ್ರಸಂಗದ ಹೆಸರು, ಊರು, ಭಾಗವತರು ಯಾರು, ಮದ್ದಲೆ ಯಾರು ಅಂತ ಅಪ್ಪಯ್ಯನನ್ನೇ ಕೇಳಿ ಬರೆದೆ.

ಈಗ ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಬಿಡದೆ ಓದಿ.

ಸಿಡಿ ಇಳಿಸಲು ನಾನು ಬಳಸಿದ ಪ್ಲೇಯರಿನ ಸೆಟ್ಟಿಂಗ್‌ನಲ್ಲಿ ಒಂದು ಚಿಕ್ಕ ಚೌಕ ಇತ್ತು. 'ಕಾಪಿ ಪ್ರೊಟೆಕ್ಟ್ ಮ್ಯೂಸಿಕ್' ಅಂತ ಅದರ ಪಕ್ಕ ಬರೆದಿತ್ತು. ಅದರಲ್ಲಿ ಟಿಕ್ ಇತ್ತು. ನಾನು ಅದನ್ನು ನೋಡಿದ್ದೆ. ಓದಿಯೂ ಇದ್ದೆ. 'ಪ್ರೊಟೆಕ್ಟ್' ಅಂದರೆ ಕಾಪಾಡುವುದು ತಾನೇ, ಒಳ್ಳೆಯದೇ ಇರಬೇಕು ಅಂದುಕೊಂಡು ಹಾಗೇ ಬಿಟ್ಟೆ. ಅದರ ಅರ್ಥ ಬೇರೆಯೇ ಆಗಿತ್ತು. ಟಿಕ್ ಇದ್ದರೆ ಪ್ಲೇಯರ್ ಪ್ರತಿ ಫೈಲಿಗೂ ಬೀಗ ಹಾಕುತ್ತದೆ. ಬೀಗದ ಕೈಯನ್ನು, ಅಂದರೆ ಲೈಸೆನ್ಸನ್ನು, ಅದೇ ಕಂಪ್ಯೂಟರಿನ ಬೇರೊಂದು ಕಡೆ, ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ನೀವು ಫೈಲ್ ಒತ್ತಿದಾಗ ಒಳಗೊಳಗೇ ಕೈ ತಂದು ಬೀಗ ತೆಗೆದು ಹಾಡಿಸುತ್ತದೆ. ಹಾಗಾಗಿ ಆ ಕಂಪ್ಯೂಟರಿನಲ್ಲಿ ಬೀಗ ಇದೆ ಅಂತಲೇ ಗೊತ್ತಾಗುವುದಿಲ್ಲ. ಐದು ವರ್ಷ ಕೇಳಿದೆವು. ಒಂದು ದಿನವೂ ತೊಂದರೆ ಕೊಡಲಿಲ್ಲ.

2009ರಲ್ಲಿ ಪೆನ್‌ಡ್ರೈವಿನಿಂದ ವೈರಸ್ ಬಂತು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅದೇ ಗೋಳು. ನನಗೆ ಆಗ ಉಬುಂಟು (ಲಿನಕ್ಸಿನ ಒಂದು ಬಗೆ) ಹುಚ್ಚು ಹಿಡಿದಿತ್ತು. ಹೆಸರು, ವಿಳಾಸ ಕೊಟ್ಟರೆ ಅವರು ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ನಮ್ಮ ಹಳ್ಳಿಗೂ ಬಂತು. ವಿಂಡೋಸ್ ಬೇಡ, ಇಡೀ ಡಿಸ್ಕ್ ಅಳಿಸಿ ಉಬುಂಟು 9.04 ಹಾಕೋಣ ಅಂತ ತೀರ್ಮಾನ ಮಾಡಿದೆ.

ನಾನು ಬೇಜವಾಬ್ದಾರಿ ಮನುಷ್ಯ ಅಲ್ಲ. ಬ್ಯಾಕಪ್ ತೆಗೆದೆ. ಎಕ್ಸ್‌ಟರ್ನಲ್ ಡಿಸ್ಕಿಗೆ ಒಂದು, ಡಿವಿಡಿಗೆ ಒಂದು. ಎರಡೂ ಕಡೆ ಫೈಲ್ ಎಣಿಸಿದೆ. 28. ಗಾತ್ರ ತಾಳೆ ನೋಡಿದೆ, ಎಂಬಿ ಲೆಕ್ಕಕ್ಕೆ ಸರಿಯಾಗಿತ್ತು. ಅಲ್ಲಿಗೆ ನಿಶ್ಚಿಂತೆಯಿಂದ ಡಿಸ್ಕ್ ಅಳಿಸಿದೆ. ಪೆಟ್ಟಿಗೆಗಳನ್ನೆಲ್ಲ ಜೋಪಾನವಾಗಿ ಹೊಸ ಮನೆಗೆ ಸಾಗಿಸಿದೆ, ಬೀಗದ ಕೈ ಹಳೇ ಮನೆಯ ಗೋಡೆಯ ಮೊಳೆಯಲ್ಲೇ ಉಳಿಯಿತು, ಆ ಮನೆಯನ್ನು ನಾನೇ ಕೆಡವಿದೆ. ಎಣಿಸಿದೆ, ತೂಗಿದೆ, ಆದರೆ ಆ ಬ್ಯಾಕಪ್ಪನ್ನು ಬೇರೆ ಒಂದು ಕಂಪ್ಯೂಟರಿಗೆ ಹಾಕಿ ಒಂದೇ ಒಂದು ಫೈಲನ್ನು ಒಂದು ನಿಮಿಷ ಕೇಳಿ ನೋಡಲಿಲ್ಲ. ಪಕ್ಕದ ಮನೆಯಲ್ಲೇ ಕಂಪ್ಯೂಟರ್ ಇತ್ತು. ಐದು ನಿಮಿಷದ ಕೆಲಸ. ನಾನು ಮಾಡಿದ ತಪ್ಪು ಅಂದರೆ ಇದೇ. ಲಿನಕ್ಸ್ ಹಾಕಿದ್ದಲ್ಲ, ಡಬ್ಲ್ಯೂಎಂಎ ಮಾಡಿದ್ದೂ ಅಲ್ಲ.

ಎಂಟು ತಿಂಗಳ ಮೇಲೆ ಅಪ್ಪಯ್ಯ ತೀರಿಕೊಂಡರು. ಹದಿಮೂರನೇ ದಿನ ಊಟ ಮುಗಿದು ನೆಂಟರೆಲ್ಲ ಜಗಲಿಯಲ್ಲಿ ಕೂತಿದ್ದರು. ದೊಡ್ಡಪ್ಪ, "ತಮಾ, ಆ ಕರ್ಣಭೇದನ ಒಂದು ಹಾಕೋ, ಅವನ ಸ್ವರ ಕೇಳ್ತೆ" ಅಂದರು. ನಾನು ಡಿಸ್ಕ್ ಚುಚ್ಚಿದೆ. 'ಕರ್ಣಭೇದನ 2', 28 ಎಂಬಿ, ಕೆಳಗೆ ಭಾಗವತರ ಹೆಸರು. ಎಲ್ಲ ಇತ್ತು. ಒತ್ತಿದೆ. ಪ್ಲೇಯರ್ ತೆರೆದುಕೊಂಡಿತು, ಸದ್ದು ಬರಲಿಲ್ಲ. ಮುಂದಿನದು ಒತ್ತಿದೆ, ಅದೂ ಇಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿ ಕಾಯುತ್ತಾ ಕೂತಿದ್ದರು.

ಮೊದಲು ಕೋಡೆಕ್ (ಫೈಲನ್ನು ಬಿಡಿಸಿ ಹಾಡಿಸುವ ಪ್ರೋಗ್ರಾಂ) ಇಲ್ಲದೆ ಹೀಗಾಗಿದೆ ಅಂದುಕೊಂಡೆ. ಆಗ ಉಬುಂಟುವಿನಲ್ಲಿ ಎಂಪಿ3, ಡಬ್ಲ್ಯೂಎಂಎ ಇವಕ್ಕೆಲ್ಲ ಪೇಟೆಂಟ್ ಕಾರಣಕ್ಕೆ ಕೋಡೆಕ್ ಜೊತೆಗೇ ಬರುತ್ತಿರಲಿಲ್ಲ, ನಾವೇ ಹಾಕಿಕೊಳ್ಳಬೇಕಿತ್ತು. (ಎಂಪಿ3 ಪೇಟೆಂಟ್ ತಕರಾರು 2017ಕ್ಕೆ ಮುಗಿಯಿತು, ಈಗ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.) ಕೋಡೆಕ್ ಹಾಕಿದೆ. ವಿಎಲ್‌ಸಿ ಅನ್ನುವ ಪ್ಲೇಯರ್ ಹಾಕಿದೆ. ಬೇರೆ ಡಬ್ಲ್ಯೂಎಂಎ ಹಾಡುಗಳು ಕೇಳಿದವು, ಇವು ಮಾತ್ರ ಇಲ್ಲ. ಎರಡು ದಿನ ಬಿಟ್ಟು ಪೇಟೆಗೆ ಹೋಗಿ ವಿಂಡೋಸ್ ಇರುವ ಕಂಪ್ಯೂಟರಿಗೆ ಹಾಕಿದಾಗ 'ಲೈಸೆನ್ಸ್ ಇಲ್ಲ' ಅಂತ ಬಂತು. ಅವತ್ತು ನನಗೆ ಆ ಟಿಕ್ ನೆನಪಾಯಿತು. ಲೈಸೆನ್ಸನ್ನೂ ಬ್ಯಾಕಪ್ ಮಾಡಿಕೊಳ್ಳುವ ದಾರಿ ಅದೇ ಪ್ಲೇಯರಿನ ಮೆನುವಿನಲ್ಲಿ ಇತ್ತಂತೆ. ಆಮೇಲೆ ಓದಿ ತಿಳಿದದ್ದು.

ಅಟ್ಟದ ಮೇಲಿದ್ದ ಮೂಲ ಸಿಡಿಗಳನ್ನು ಇಳಿಸಿದೆ. ಅಗ್ಗದ ಸಿಡಿ, ಆರು ಮಳೆಗಾಲ ಕಂಡಿದ್ದವು. ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದ ಹಾಗೆ ತೂತು ತೂತು, ಕೆಲವದರಲ್ಲಿ ಬೆಳ್ಳಿ ಬಣ್ಣದ ಪದರ ಉಗುರಿಗೇ ಕಿತ್ತು ಬರುತ್ತಿತ್ತು. ಸಿಡಿ-ಪ್ಯಾರಾನೋಯಾ ಅಂತ ಲಿನಕ್ಸಿನಲ್ಲಿ ಒಂದು ಪ್ರೋಗ್ರಾಂ ಇದೆ, ಹಾಳಾದ ಸಿಡಿಯನ್ನು ಮತ್ತೆ ಮತ್ತೆ ಓದಿ ಸಿಕ್ಕಷ್ಟು ಎತ್ತಿಕೊಡುತ್ತದೆ. ಅದನ್ನು ರಾತ್ರಿಯಿಡೀ ಓಡಿಸಿದೆ. 28 ಗಂಟೆಯಲ್ಲಿ ಸಿಕ್ಕಿದ್ದು ಎರಡೂವರೆ ಗಂಟೆ. ಕರ್ಣಭೇದನದಲ್ಲಿ ಹನ್ನೊಂದು ನಿಮಿಷ. ಅದರಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದಿದೆ, ಅಪ್ಪಯ್ಯ ಮಾತು ಶುರು ಮಾಡುವ ಮೊದಲು ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುವುದಿದೆ. ಕೃಷ್ಣನಿಗೆ ಉತ್ತರ ಕೊಡುವಲ್ಲಿಗೆ ನಿಂತುಹೋಗುತ್ತದೆ.

ಬೀಗ ಹಾಕಿದ ಆ 28 ಫೈಲ್ ಈಗಲೂ ನನ್ನ ಹತ್ತಿರ ಇವೆ. ಅಳಿಸಲು ಮನಸ್ಸು ಬಂದಿಲ್ಲ.

ಹಾಗಾಗಿ, ಲಿನಕ್ಸೋ ವಿಂಡೋಸೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಓಎಸ್ ಬರುತ್ತದೆ, ಹೋಗುತ್ತದೆ. ಎಕ್ಸ್‌ಪಿ 2014ಕ್ಕೆ ಹೋಯಿತು, 7 ಅನ್ನುವುದು 2020ಕ್ಕೆ ಹೋಯಿತು, 10 ಅನ್ನುವುದು 2025ಕ್ಕೆ ಹೋಯಿತು, 11 ಕೂಡ ಒಂದು ದಿನ ಹೋಗುತ್ತದೆ. ಅಮ್ಮನ ಹಾಡು ಇವೆಲ್ಲವನ್ನೂ ದಾಟಿ ಇರಬೇಕಾದದ್ದು. ಹಾಗಾಗಿ ಆ ಫೈಲುಗಳು ಯಾರ ಹಂಗೂ ಇಲ್ಲದೆ ತಾವೇ ನಿಲ್ಲುತ್ತವಾ ಅಂತ ಮೊದಲು ನೋಡಬೇಕು, ಲ್ಯಾಪ್‌ಟಾಪಿನ ಯೋಚನೆ ಆಮೇಲೆ.

ನೋಡುವುದು ಸುಲಭ. ಈಗಿರುವ ವಿಂಡೋಸಿನಲ್ಲೇ ವಿಎಲ್‌ಸಿ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಆ ಫೋಲ್ಡರಿನ ಪ್ರತಿ ಫೈಲನ್ನೂ ಅದರಲ್ಲೇ ತೆರೆಯಿರಿ. ವಿಎಲ್‌ಸಿಗೆ ಇಂಥ ಲೈಸೆನ್ಸ್ ತಂದು ಬೀಗ ತೆಗೆಯಲು ಬರುವುದಿಲ್ಲ, ಅದೇ ನಮಗೆ ಅನುಕೂಲ. ಅದರಲ್ಲಿ ಕೇಳಿಸಿದರೆ ಲಿನಕ್ಸಿನಲ್ಲೂ ಕೇಳಿಸುತ್ತದೆ, ಮ್ಯಾಕಿನಲ್ಲೂ ಕೇಳಿಸುತ್ತದೆ. ಅದರಲ್ಲಿ ಕೇಳಿಸದೆ ಬೇರೆ ಪ್ಲೇಯರಿನಲ್ಲಿ ಮಾತ್ರ ಕೇಳಿಸುವ ಫೈಲ್ ಇದ್ದರೆ ಅಲ್ಲೇ ನಿಲ್ಲಿ. ಲ್ಯಾಪ್‌ಟಾಪನ್ನು ಮುಟ್ಟಬೇಡಿ, ಮೊದಲು ಆ ಫೈಲಿನ ದಾರಿ ನೋಡಿ. ಏನೂ ಆಗದಿದ್ದರೆ ಅದು ಹಾಡುತ್ತಿರುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಅಮ್ಮ ಇನ್ನೂ ಹಾಡುವಂತಿದ್ದರೆ ಇದನ್ನೆಲ್ಲ ಬಿಟ್ಟು ಈ ಭಾನುವಾರವೇ ಹೊಸದಾಗಿ ರೆಕಾರ್ಡ್ ಮಾಡಿ. ಗುಣಮಟ್ಟ ಇಳಿಯದ ವೇವ್ ಅಥವಾ ಫ್ಲಾಕ್ ಫೈಲಿನಲ್ಲಿ ಇಟ್ಟುಕೊಳ್ಳಿ, ಈಗ ಯಾರಿಗೂ 17 ಜಿಬಿ ದೊಡ್ಡದಲ್ಲ.

ಆಮೇಲೆ ಲಿನಕ್ಸಿನ ಇನ್ನೊಂದು ಬಗೆಯಾದ ಮಿಂಟನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಸುಮ್ನೆ ಓಡಿಸಿ. ಅಲ್ಲಿಂದಲೇ ವಿಂಡೋಸಿನ ಡಿಸ್ಕ್ ತೆರೆದು ನೋಡಿ. ಡಿಸ್ಕ್ ತೆರೆಯದೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀ ಕೇಳಿದರೆ, ನಾನು 2004ರಲ್ಲಿ ಅರ್ಥ ತಿಳಿಯದೆ ಬಿಟ್ಟ ಟಿಕ್ ಇದೇ ಅಂದುಕೊಳ್ಳಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ, ಕೀ ಆ ಖಾತೆಯಲ್ಲಿ ಇರುತ್ತದೆ. ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹಾಡಿನ ಆಪ್‌ನಲ್ಲಿ 'ಡೌನ್‌ಲೋಡ್' ಮಾಡಿಟ್ಟದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಚಂದಾ ನಿಂತ ದಿನ ಅದೂ ಹೋಗುತ್ತದೆ. ವಾಟ್ಸಾಪಿನಲ್ಲಿ ಅಮ್ಮ ಕಳಿಸಿದ ವಾಯ್ಸ್ ಮೆಸೇಜ್ ಇದ್ದರೆ ಅವು ಓಪಸ್ ಫೈಲು, ಅವಕ್ಕೆ ಬೀಗ ಇಲ್ಲ. ಫೋನ್ ಬದಲಿಸುವ ಮೊದಲು ಎತ್ತಿಟ್ಟುಕೊಳ್ಳಿ.

ಇನ್ನೊಂದು. ಹಾಡಿನ ಸಾಹಿತ್ಯವನ್ನು 'ನುಡಿ'ಯಲ್ಲೋ 'ಬರಹ'ದಲ್ಲೋ (ಕನ್ನಡ ಟೈಪಿಂಗ್ ತಂತ್ರಾಂಶಗಳು) ಟೈಪ್ ಮಾಡಿಟ್ಟಿದ್ದೀರಾ? ಅಪ್ಪಯ್ಯನ ಅರ್ಥದ ಟಿಪ್ಪಣಿ 60 ಪುಟದಷ್ಟು ನಾನು ನುಡಿಯಲ್ಲಿ ಕುಟ್ಟಿದ್ದೆ. ಉಬುಂಟುವಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಏನೇನೋ ಗೆರೆ. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿತ್ತು, ಫಾಂಟ್ ಇಲ್ಲದಿದ್ದರೆ ಕನ್ನಡ ಇಲ್ಲ. ಆದರೆ ಇದಕ್ಕೆ ಬೀಗ ಇರಲಿಲ್ಲ. ಯಾವ ತುಂಡಿಗೆ ಯಾವ ಅಕ್ಷರ ಅಂತ ಗೊತ್ತಿದ್ದವರು ಪರಿವರ್ತಕ ಮಾಡಿಟ್ಟಿದ್ದರು, ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ) ಬಂತು. ಒಂದಷ್ಟು ಅರ್ಕಾವತ್ತು ಅತ್ತಿತ್ತ ಆಗಿದ್ದವು, ಕೂತು ತಿದ್ದಿದೆ. 60 ಪುಟವೂ ಉಳಿಯಿತು. ನಿಮ್ಮದೂ ಹಾಗಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್ ಮಾಡಿಬಿಡಿ. ಟೈಪಿಂಗ್ ಬಗ್ಗೆ ಭಯ ಬೇಡ, ಲಿನಕ್ಸಿನಲ್ಲೂ ನುಡಿಯ ಅದೇ ಕಗಪ ಕೀಲಿಮಣೆ ಸಿಗುತ್ತದೆ.

ಇಷ್ಟಾದ ಮೇಲೆ ಓಎಸ್ ಯಾವುದಾದರೂ ಆಗಲಿ. ಟ್ಯಾಲಿಯಂಥ ಲೆಕ್ಕದ ಪ್ರೋಗ್ರಾಂ ಬೇಕೇ ಬೇಕು ಅಂದರೆ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳಿ, ಲಿನಕ್ಸ್ ಜೊತೆ ಗುದ್ದಾಡಬೇಡಿ. ಬ್ರೌಸರ್, ಹಾಡು, ಪತ್ರ, ಫೋಟೋ ಇಷ್ಟೇ ಅಂದರೆ ಆ 6ನೇ ಜನರೇಷನ್ನಿಗೆ ಹಳೇ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸಿ ಮಿಂಟ್ ಹಾಕಿ, ಇನ್ನೂ ಐದಾರು ವರ್ಷ ದುಡಿಯುತ್ತದೆ. ಇನ್‌ಸ್ಟಾಲ್ ಮಾಡುವಾಗ ಮಲ್ಟಿಮೀಡಿಯಾ ಕೋಡೆಕ್ ಅಂತ ಒಂದು ಚೌಕ ಬರುತ್ತದೆ, ಅದಕ್ಕೆ ಟಿಕ್ ಹಾಕಿ. ತೆಗೆದ ಹಳೇ ಡಿಸ್ಕನ್ನು ಅಳಿಸಬೇಡಿ, ಯಾರಿಗೂ ಕೊಡಬೇಡಿ, ಹಾಗೇ ಬೀರುವಿನಲ್ಲಿ ಇಡಿ.

ಆ ಫೋಲ್ಡರಿನಲ್ಲಿ 40 ಫೈಲ್ ಇವೆ ಅಂದಿದ್ದೀರಿ, ಯಾವ ಬಗೆಯವು ಅಂತ ಹೇಳಿಲ್ಲ. ಹೆಸರಿನ ಕೊನೆಯ ಚುಕ್ಕೆಯಾದ ಮೇಲೆ ಏನಿದೆ? ನೋಡಿ ಇಲ್ಲೇ ಕೆಳಗೆ ಬರೆಯಿರಿ, ಅಲ್ಲಿಯವರೆಗೆ ಏನನ್ನೂ ಅಳಿಸಬೇಡಿ.