ಹಿಡಿಯೊಳಗಿನ ತುಕ್ಕನ್ನು ಮುಟ್ಟಬೇಡಿ: ಜಪಾನಿನ ಹಳೆಯ ಖಡ್ಗಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದವರು. 1945ರಲ್ಲಿ ಜಪಾನಿ ಅಧಿಕಾರಿಯೊಬ್ಬರು ಒಪ್ಪಿಸಿದ ಖಡ್ಗವನ್ನು ಊರಿಗೆ ತಂದಿದ್ದರು. ಮರದ ಒರೆಗೆ ಕಂದು ಚರ್ಮದ ಹೊದಿಕೆಯಿದೆ, ಅಲಗಿನ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಿವೆ. ಇದು ನಿಜವಾಗಿಯೂ ಹಳೆಯದೋ, ಯುದ್ಧಕಾಲದ ಕಾರ್ಖಾನೆಯದೋ? ಊರಿನಲ್ಲಿಯೇ ಸಾಣೆ ಹಿಡಿಸಬಹುದೇ?
(ವಿರಾಜಪೇಟೆಯ ಓದುಗರೊಬ್ಬರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ಉಳಿದ ಪ್ರಶ್ನೆಗಳಿಗೆ ಅರ್ಥವೇ ಉಳಿಯುವುದಿಲ್ಲ. ದಯವಿಟ್ಟು ಸಾಣೆ ಹಿಡಿಸಬೇಡಿ. ಉಪ್ಪುಕಾಗದ, ತಂತಿ ಬ್ರಷ್, ಹಿತ್ತಾಳೆ ಪಾತ್ರೆಗೆ ಹಚ್ಚುವ ಪಾಲಿಷ್, ಇವು ಯಾವುವೂ ಅಲಗಿನ ಹತ್ತಿರ ಸುಳಿಯಬಾರದು. ಜಪಾನಿನ ಖಡ್ಗಕ್ಕೆ ಹೊಳಪು ಕೊಡುವವರು ಗುರುವಿನ ಬಳಿ ಹತ್ತು ವರ್ಷದಷ್ಟು ಕಾಲ ಕಲಿತು, ಒರಟು ಕಲ್ಲಿನಿಂದ ಆರಂಭಿಸಿ ಹಂತಹಂತವಾಗಿ ನಯವಾದ ಕಲ್ಲುಗಳಿಗೆ ಬರುತ್ತಾರೆ. ಅಷ್ಟು ನಿಷ್ಣಾತರ ಕೈಯಲ್ಲಿಯೂ ಪ್ರತಿ ಸಲ ಒಂದಿಷ್ಟು ಉಕ್ಕು ಸವೆಯುತ್ತದೆ. ಹೆಚ್ಚಿನ ಅಲಗುಗಳಲ್ಲಿ ಮೆದು ಉಕ್ಕಿನ ತಿರುಳಿನ ಮೇಲೆ ಗಟ್ಟಿ ಉಕ್ಕಿನ ಹೊದಿಕೆ ಇರುತ್ತದೆ. ಆ ಹೊದಿಕೆ ಸವೆದು ತಿರುಳು ಕಾಣಿಸಿಕೊಂಡ ಅಲಗು ಮತ್ತೆ ಮೊದಲಿನಂತಾಗುವುದಿಲ್ಲ. ವಿದ್ಯುತ್ ಸಾಣೆಯ ಚಕ್ರ ಇದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ: ಅದರ ಬಿಸಿಗೆ ಅಂಚಿನ ಹದವೇ ಕೆಡುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. 1945ರ ಶರಣಾಗತಿಯ ವೇಳೆ ಆಗ್ನೇಯ ಏಷ್ಯಾದ ಉದ್ದಕ್ಕೂ ಜಪಾನಿ ಅಧಿಕಾರಿಗಳು ತಮ್ಮ ಖಡ್ಗಗಳನ್ನು ಒಪ್ಪಿಸಿದರು. ಆದ್ದರಿಂದಲೇ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿರುವಂತೆ ನಮ್ಮ ದೇಶದ ಸೈನಿಕ ಕುಟುಂಬಗಳಲ್ಲಿಯೂ ಇಂಥವು ಉಳಿದಿವೆ. ಆದರೆ ಹೊರಗಿನ ಸಜ್ಜು ಸೇನೆಯದು ಎಂದ ಮಾತ್ರಕ್ಕೆ ಒಳಗಿನ ಅಲಗೂ ಅದೇ ಕಾಲದ್ದೆಂದು ಹೇಳಲಾಗದು. ಅಧಿಕಾರಿಗಳು ಖಡ್ಗವನ್ನು ಸ್ವಂತ ಖರ್ಚಿನಲ್ಲಿ ಕೊಳ್ಳಬೇಕಾಗಿತ್ತು. ಮನೆಯಲ್ಲಿ ಪೂರ್ವಜರ ಅಲಗು ಇದ್ದವರು ಅದಕ್ಕೇ ಸೇನೆಯ ಹಿಡಿ, ಒರೆಗಳನ್ನು ಹೊಂದಿಸಿಕೊಂಡು ಯುದ್ಧಕ್ಕೆ ಹೊರಟರು. ಮರದ ಒರೆಗೆ ಚರ್ಮದ ಹೊದಿಕೆ ಹಾಕಿರುವ ಸಜ್ಜಿನಲ್ಲಿ ಹಳೆಯ ಅಲಗು ಸಿಗುವುದುಂಟು. ಅದು ಒಳ್ಳೆಯ ಸೂಚನೆಯೇ ಹೊರತು ಪುರಾವೆಯಲ್ಲ.

ಮೊದಲು ಹಿಡಿಯನ್ನು ನೋಡಿ. ಅದು ಅಲ್ಯೂಮಿನಿಯಂ ಎರಕವಾಗಿದ್ದು, ದಾರದ ಹೆಣಿಗೆಯಂತೆ ಬಣ್ಣ ಬಳಿದಿದ್ದು, ಅಲಗಿನ ಬುಡದಲ್ಲಿ ಅಂಕಿಗಳನ್ನು ಒತ್ತಿದ್ದರೆ, ಅದು 1935ರಲ್ಲಿ ಜಾರಿಗೆ ಬಂದ ಕೆಳದರ್ಜೆ ಅಧಿಕಾರಿಗಳ ಮಾದರಿ; ಯಂತ್ರದಲ್ಲಿ ತಯಾರಾದದ್ದು. ನಿಮ್ಮದು ಹಾಗಿರದೆ ಹಿಡಿಗೆ ನಿಜವಾದ ಹೆಣಿಗೆಯಿದ್ದರೆ, ಅದರಲ್ಲಿ ಬಿದಿರಿನ ಸಣ್ಣ ಬೆಣೆಯೊಂದು ಕಾಣಿಸುತ್ತದೆ. ಅದರ ಸಪೂರ ತುದಿಯ ಕಡೆಯಿಂದ ಮರದ ಅಥವಾ ಹಿತ್ತಾಳೆಯ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿದರೆ ಬೆಣೆ ಹೊರಬರುತ್ತದೆ. ಆಮೇಲೆ ಖಡ್ಗವನ್ನು ಮೊನೆ ಮೇಲಾಗಿ, ಅಂಚು ನಿಮ್ಮಿಂದ ಆಚೆಗಿರುವಂತೆ ತುಸು ಓರೆಯಾಗಿ ಎಡಗೈಯಲ್ಲಿ ಹಿಡಿದು, ಬಲ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಗುದ್ದಬೇಕು. ಒಂದೆರಡು ಪೆಟ್ಟಿಗೆ ಅಲಗು ಹಿಡಿಯೊಳಗೆ ಸಡಿಲವಾಗಿ ಕದಲುತ್ತದೆ. ಎಷ್ಟೋ ದಶಕಗಳಿಂದ ಬಿಚ್ಚದ ಹಿಡಿ ಬಿಗಿದುಕೊಂಡಿರುವುದು ಸಹಜ, ಬಲಪ್ರಯೋಗ ಬೇಡ. ಮಕ್ಕಳು ಹತ್ತಿರ ಇಲ್ಲದಿರುವಾಗ, ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡೇ ಈ ಕೆಲಸ ಮಾಡಿ.

ಹಿಡಿಯೊಳಗೆ ಅಡಗಿದ್ದ ಭಾಗವನ್ನು ನಕಾಗೊ ಎನ್ನುತ್ತಾರೆ. ಅಲಗಿನ ವಯಸ್ಸನ್ನು ಅಂದಾಜು ಮಾಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಮತ್ತೊಂದಿಲ್ಲ. ನೂರಾರು ವರ್ಷಗಳ ನಕಾಗೊ ಮೇಲೆ ಕಪ್ಪಿಗೆ ತಿರುಗಿದ ಕಂದು ಬಣ್ಣದ, ನಯವಾದ, ಮುಟ್ಟಿದರೆ ಪುಡಿ ಉದುರದ ತುಕ್ಕಿನ ಪದರ ಇರುತ್ತದೆ. ಕಮ್ಮಾರ ಅರದಿಂದ ಎಳೆದ ಗೆರೆಗಳೂ ಆ ಪದರದಲ್ಲಿ ಅರ್ಧ ಮುಳುಗಿರುತ್ತವೆ. ಯುದ್ಧಕಾಲದ್ದಾದರೆ ಅರದ ಗೆರೆಗಳು ಚೂಪಾಗಿರುತ್ತವೆ, ಬಣ್ಣ ತಿಳಿಯಾಗಿರುತ್ತದೆ, ಕೆಲವು ಕಡೆ ಲೋಹದ ಬೂದು ಬಣ್ಣವೇ ಉಳಿದಿರುತ್ತದೆ. ಈ ತುಕ್ಕನ್ನು ಒಂದಿಷ್ಟೂ ಉಜ್ಜಬೇಡಿ. ಕೊಳೆಯೆಂದು ತಿಳಿದು ಅದನ್ನು ಕೆರೆದು ಹೊಳೆಯಿಸಿದ ಖಡ್ಗ ತನ್ನ ವಯಸ್ಸಿನ ಪುರಾವೆಯನ್ನೂ ಬೆಲೆಯ ಬಹುಪಾಲನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ. ಅಲಗಿನ ಮೇಲಿನ ಕೆಂಪು ತುಕ್ಕು ಬೇರೆ, ಇದು ಬೇರೆ.

ನಕಾಗೊ ಮೇಲೆ ಅಕ್ಷರಗಳಿದ್ದರೆ ಎರಡೂ ಬದಿಯ ಸ್ಪಷ್ಟ ಚಿತ್ರ ತೆಗೆದು ಜಪಾನಿ ಲಿಪಿ ಬಲ್ಲವರಿಗೆ ತೋರಿಸಿ. ಒಂದು ಬದಿಯಲ್ಲಿ ಕಮ್ಮಾರನ ಹೆಸರೂ ಇನ್ನೊಂದು ಬದಿಯಲ್ಲಿ ಕಾಲವೂ ಇರಬಹುದು. ಚಕ್ರವರ್ತಿ ಹಿರೊಹಿತೊ ಆಳ್ವಿಕೆಯ ವರ್ಷಗಣನೆಯಾದ ಶೋವಾದಲ್ಲಿ 18 ಎಂದಿದ್ದರೆ ಅದು 1943. ಸಣ್ಣ ಮುದ್ರೆಗಳನ್ನೂ ಗಮನಿಸಿ. ಸೆಕಿ ಊರಿನ ಮುದ್ರೆ ಅಥವಾ ಶೋವಾ ಮುದ್ರೆ ಇರುವ ಅಲಗುಗಳು ಸಾಮಾನ್ಯವಾಗಿ ಮಾಮೂಲಿ ಉಕ್ಕಿನಿಂದ ಮಾಡಿ, ಎಣ್ಣೆಯಲ್ಲಿ ಅದ್ದಿ ಹದ ಹಾಕಿದವು. ನಕ್ಷತ್ರದ ಮುದ್ರೆ ಇದ್ದರೆ ಸೇನೆಯ ಮಾನ್ಯತೆ ಪಡೆದ ಕಮ್ಮಾರ ತಮಹಾಗಾನೆ ಎಂಬ ಸಾಂಪ್ರದಾಯಿಕ ಉಕ್ಕನ್ನು ಬಡಿದು ಮಾಡಿದ್ದೆಂದು ತಿಳಿಯಬಹುದು. ಅದು ಹಳೆಯದಲ್ಲದಿದ್ದರೂ ಕಲಾವಸ್ತುವಾಗಿ ಗೌರವಕ್ಕೆ ಅರ್ಹ. ಹೆಸರೇ ಇಲ್ಲವೆಂದು ನಿರಾಶರಾಗಬೇಡಿ. ಉದ್ದನೆಯ ಹಳೆಯ ಖಡ್ಗಗಳನ್ನು ಮುಂದಿನ ಕಾಲದ ಬಳಕೆಗೆ ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದಾಗ ಹೆಸರೂ ಹೋಗಿಬಿಡುತ್ತಿತ್ತು. ಜಪಾನಿನ ಅತ್ಯುತ್ತಮ ಅಲಗುಗಳಲ್ಲಿ ಹೆಸರಿಲ್ಲದವು ಎಷ್ಟೋ ಇವೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. 9 ಅಂಗುಲಕ್ಕಿಂತ ಉದ್ದದ ಅಲಗಿನ ಖಡ್ಗ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕೊಡಗಿನವರಿಗೆ ಆ ಕಾಯ್ದೆಯಡಿ ವಿಶೇಷ ವಿನಾಯಿತಿ ಇರುವುದು ನಿಮಗೆ ತಿಳಿದೇ ಇದೆ. ಆದರೂ ಈ ಖಡ್ಗದ ವಿಷಯವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳಿ. ಹೊಳಪು ಕೊಡಿಸಲು ಜಪಾನಿಗೆ ಕೊರಿಯರ್ ಮಾಡುವ ಯೋಚನೆಯಿದ್ದರೆ ಈಗಲೇ ಬಿಡಿ. ಶಸ್ತ್ರದ ರಫ್ತಿಗೆ ಪರವಾನಗಿ ಬೇಕು. ಅಲಗು ನೂರು ವರ್ಷ ದಾಟಿದ್ದಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತೆಯೇ ಇಲ್ಲ. ಯುದ್ಧಕಾಲದ ಕಾರ್ಖಾನೆ ಅಲಗಾದರೆ ತೊಡಕು ಇನ್ನೊಂದು ಬಗೆಯದು: ಜಪಾನಿನಲ್ಲಿ ಅದಕ್ಕೆ ನೋಂದಣಿಯೇ ಸಿಗುವುದಿಲ್ಲ, ಅಲ್ಲಿ ವಶಪಡಿಸಿಕೊಂಡು ನಾಶಮಾಡಬಹುದು.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟೇ. ಅಲಗನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಬುಡದಿಂದ ಮೊನೆಯ ಕಡೆಗೆ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವಂಥ ತಿಳಿ ಎಣ್ಣೆಯನ್ನು ತೀರ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗುತ್ತದೆ. ಬರಿಗೈಯಲ್ಲಿ ಅಲಗನ್ನು ಮುಟ್ಟಬೇಡಿ. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲಿಯೇ ತುಕ್ಕು ಹಿಡಿಸುತ್ತದೆ. ಕೊಡಗಿನ ಮಳೆಗಾಲದಲ್ಲಿ ಚರ್ಮದ ಹೊದಿಕೆ ತೇವ ಹೀರಿಕೊಳ್ಳುವುದರಿಂದ ತಿಂಗಳಿಗೊಮ್ಮೆಯಾದರೂ ಹೊರತೆಗೆದು ನೋಡುವುದು ಕ್ಷೇಮ.

ಪ್ರಶ್ನೆ: ಯೊಕೊಹಾಮಾದಲ್ಲಿ ಉದ್ಯೋಗದಲ್ಲಿದ್ದೇನೆ. ಆನ್‌ಲೈನ್ ಹರಾಜಿನಲ್ಲಿ ಕೊಟೆತ್ಸು ಎಂಬ ಹೆಸರು ಕೆತ್ತಿದ ಖಡ್ಗವೊಂದು ಕಡಿಮೆ ಬೆಲೆಗೆ ಬಂದಿದೆ. ಸರ್ಕಾರಿ ನೋಂದಣಿ ಪತ್ರದಲ್ಲಿಯೂ ಅದೇ ಹೆಸರಿದೆ. ಕೊಳ್ಳಬಹುದೇ? ಮುಂದೆ ಬೆಂಗಳೂರಿಗೆ ತರಬಹುದೇ?
(ಹೆಸರು ಬೇಡವೆಂದ ಓದುಗರು)

ಉತ್ತರ: ಬೇಡ. ತೊರೊಕುಶೊ ಎಂಬ ಆ ಪತ್ರ ಖಡ್ಗವನ್ನು ಕಾನೂನುಬದ್ಧವಾಗಿ ಇಟ್ಟುಕೊಳ್ಳಲು ಬೇಕಾದ ನೋಂದಣಿ ಮಾತ್ರ. ಅಲಗಿನ ಉದ್ದ, ಬಾಗು, ಬೆಣೆಯ ರಂಧ್ರಗಳ ಸಂಖ್ಯೆ, ಕೆತ್ತಿರುವ ಅಕ್ಷರಗಳು ಇವನ್ನು ಅದರಲ್ಲಿ ಇದ್ದದ್ದು ಇದ್ದಂತೆ ದಾಖಲಿಸುತ್ತಾರೆ. ಹೆಸರು ನಿಜವೋ ಸುಳ್ಳೋ ಎಂಬುದನ್ನು ಅದು ಹೇಳುವುದಿಲ್ಲ. ನಾಗಾಸೊನೆ ಕೊಟೆತ್ಸು 17ನೇ ಶತಮಾನದಲ್ಲಿ ಎಡೋದಲ್ಲಿದ್ದ (ಇಂದಿನ ಟೋಕಿಯೊ) ಕಮ್ಮಾರ. ಕವಚ ತಯಾರಿಕೆಯಿಂದ ಖಡ್ಗದ ಕಸುಬಿಗೆ ಬಂದವನು. ಅವನ ಕಾಲದಿಂದಲೇ ನಕಲು ಹೆಸರಿನ ಹಾವಳಿ ಎಷ್ಟಿತ್ತೆಂದರೆ, ಕೊಟೆತ್ಸು ಕಂಡರೆ ಸುಳ್ಳೆಂದೇ ತಿಳಿ ಎಂಬ ಮಾತು ಜಪಾನಿ ಸಂಗ್ರಾಹಕರ ಬಾಯಲ್ಲಿ ನಿಂತುಬಿಟ್ಟಿದೆ. 19ನೇ ಶತಮಾನದಲ್ಲಿ ಶೋಗುನ್ ಪರವಾಗಿದ್ದ ಶಿನ್‌ಸೆಂಗುಮಿ ಎಂಬ ಖಡ್ಗಧಾರಿ ಪಡೆಯ ನಾಯಕ ಕೊಂಡೊ ಇಸಾಮಿ ಹೆಮ್ಮೆಯಿಂದ ಧರಿಸುತ್ತಿದ್ದನೆನ್ನುವ ಕೊಟೆತ್ಸು ಕೂಡ ನಕಲಿಯೆಂದೇ ಹಲವರ ಅಭಿಪ್ರಾಯ.

ಅಧಿಕೃತ ಅಭಿಪ್ರಾಯ ಬೇಕಾದರೆ 1948ರಲ್ಲಿ ಸ್ಥಾಪನೆಯಾದ, ಎನ್‌ಬಿಟಿಎಚ್‌ಕೆ ಎಂದು ಕರೆಯುವ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘದ ಪತ್ರ ನೋಡಬೇಕು. ಹೊಝೊನ್, ತೊಕುಬೆತ್ಸು ಹೊಝೊನ್, ಜೂಯೊ, ತೊಕುಬೆತ್ಸು ಜೂಯೊ ಎಂಬ ನಾಲ್ಕು ದರ್ಜೆಗಳಿವೆ. ಮೊದಲ ಖರೀದಿಗೆ ಹೊಝೊನ್ ಇದ್ದರೂ ಸಾಕು. 1982ಕ್ಕಿಂತ ಹಿಂದಿನ ಹಳೆಯ ಪತ್ರಗಳನ್ನು ಹಾಗೆಯೇ ನಂಬದೆ ಮರುಪರಿಶೀಲನೆಗೆ ಕೇಳಿ, ವಿಶೇಷವಾಗಿ ದೊಡ್ಡ ಹೆಸರುಗಳಿಗೆ. ನನ್ನ ಅಭಿಪ್ರಾಯ ಕೇಳಿದರೆ, ಅದೇ ಹಣಕ್ಕೆ ಅಷ್ಟೇನೂ ಹೆಸರಾಗದ ಕಮ್ಮಾರನ, ಪತ್ರವಿರುವ, ಆರೋಗ್ಯವಂತ ವಾಕಿಝಾಶಿಯೊಂದನ್ನು ಕೊಳ್ಳಿ. 30ರಿಂದ 60 ಸೆಂಟಿಮೀಟರ್ ಉದ್ದದ ಈ ಕಿರುಖಡ್ಗಗಳು ಅದೇ ಗುಣಮಟ್ಟದ ಕಟಾನಾ ಎಂಬ ಉದ್ದನೆಯ ಖಡ್ಗಕ್ಕಿಂತ ಅಗ್ಗ, ಕಲಿಕೆಗಂತೂ ಯಾವ ಕೊರತೆಯೂ ಇಲ್ಲ.

ಕೊಳ್ಳುವ ಮುನ್ನ ಅಲಗನ್ನು ಕಣ್ಣಾರೆ ನೋಡಲೇಬೇಕು. ಕತ್ತಲ ಕೋಣೆಯಲ್ಲಿ ಒಂದೇ ಬಲ್ಬಿನ ಬೆಳಕಿಗೆ ಅಲಗನ್ನು ಓರೆಯಾಗಿ ಹಿಡಿದರೆ, ಅಂಚಿನ ಗಟ್ಟಿ ಉಕ್ಕು ಮೈಯ ಉಕ್ಕನ್ನು ಸಂಧಿಸುವ ಹಾಮೊನ್ ರೇಖೆ ಎದ್ದು ಕಾಣುತ್ತದೆ. ನಿಜವಾದ ಹಾಮೊನ್‌ನಲ್ಲಿ ಮಂಜಿನ ತೆರೆಯೂ ಅದರೊಳಗೆ ಬಿಡಿಬಿಡಿಯಾಗಿ ಮಿನುಗುವ ಕಣಗಳೂ ಇರುತ್ತವೆ. ಬೆಳಕಿನ ಕೋನ ಬದಲಾದಂತೆ ಅವು ಬದಲಾಗುತ್ತವೆ. ಆಸಿಡ್‌ನಿಂದ ಬಿಡಿಸಿದ ನಕಲಿ ರೇಖೆಗೆ ಆ ಆಳವಿಲ್ಲ, ಬರೀ ಬಿಳಿಚಿದ ಪಟ್ಟಿ. ಹಾಮೊನ್ ಮೊನೆಯವರೆಗೂ ಹೋಗಿ ಹಿಂದಕ್ಕೆ ತಿರುಗಿದೆಯೇ ಎಂದು ನೋಡಿ; ಮೊನೆ ಮುರಿದು ಮತ್ತೆ ಆಕಾರ ಕೊಟ್ಟ ಅಲಗುಗಳಲ್ಲಿ ಅಲ್ಲಿ ಏನೂ ಉಳಿದಿರುವುದಿಲ್ಲ. ಅಂಚಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಸಪೂರದ ಬಿರುಕು ಕಂಡರೆ ಹಣ ಎಷ್ಟೇ ಕಡಿಮೆ ಇರಲಿ, ಅಲ್ಲಿಗೇ ಬಿಟ್ಟುಬಿಡಿ. ಹಾಗಿರೆ ಎನ್ನುವ ಈ ದೋಷಕ್ಕೆ ಮದ್ದಿಲ್ಲ. ಮೈಮೇಲಿನ ಸಣ್ಣ ಸೀಳು, ಗುಳ್ಳೆಗಳನ್ನು ಅಲಗು ತೀರ ಹಳೆಯದಾಗಿದ್ದರೆ ಕ್ಷಮಿಸಬಹುದು.

ಕೊಂಡ ಮೇಲೆ 20 ದಿನಗಳೊಳಗೆ, ನೋಂದಣಿ ಪತ್ರ ಕೊಟ್ಟ ಪ್ರಾಂತದ ಶಿಕ್ಷಣ ಮಂಡಳಿಗೆ ಮಾಲೀಕತ್ವದ ಬದಲಾವಣೆ ತಿಳಿಸಬೇಕು. ದೇಶದಿಂದ ಹೊರತರಲು ಜಪಾನಿನ ಸಂಸ್ಕೃತಿ ಇಲಾಖೆಯಿಂದ ಪತ್ರ ಬೇಕು. ಭಾರತಕ್ಕೆ ತರಲು ಶಸ್ತ್ರಾಸ್ತ್ರ ಕಾಯ್ದೆಯಡಿ ಆಮದು ಪರವಾನಗಿ ಬೇಕು. ಎರಡನೆಯದು ಕೈಗೆ ಬರುವ ಮುನ್ನ ವಿಮಾನ ಹತ್ತಿಸಬೇಡಿ.

ಪ್ರಶ್ನೆ: ಕೊಳ್ಳುವ ಶಕ್ತಿಯಿಲ್ಲ, ಆದರೆ ಖಡ್ಗಗಳನ್ನು ಗುರುತಿಸುವುದನ್ನು ಕಲಿಯುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ?
(ಶಿವಮೊಗ್ಗದ ವಿದ್ಯಾರ್ಥಿನಿ)

ಉತ್ತರ: ಆಕಾರದಿಂದ ಆರಂಭಿಸಿ. ಜಪಾನಿ ಪರಿಣತರು ಮೊದಲು ಆಕಾರ, ಆಮೇಲೆ ಉಕ್ಕಿನ ಮೈಯ ಎಳೆ, ನಂತರ ಹಾಮೊನ್, ಎಲ್ಲಕ್ಕೂ ಕೊನೆಯಲ್ಲಿ ನಕಾಗೊ ನೋಡುತ್ತಾರೆ. ಪರಿಣತಿಯ ಸ್ಪರ್ಧೆಗಳಲ್ಲಿಯೂ ಹೆಸರಿರುವ ಭಾಗವನ್ನು ಮುಚ್ಚಿಯೇ ಕೊಡುತ್ತಾರೆ. ಕಮಕುರಾ ಕಾಲದ (12ರಿಂದ 14ನೇ ಶತಮಾನ) ಖಡ್ಗದ ಬಾಗು ಹಿಡಿಯ ಹತ್ತಿರವೇ ಹೆಚ್ಚು. 1660ರ ದಶಕದ ಕಟಾನಾ ಬಹುಮಟ್ಟಿಗೆ ನೇರ, ಮೊನೆಯ ಕಡೆಗೆ ಕಿರಿದು. ಇದೊಂದನ್ನು ಕಣ್ಣಿಗೆ ಹತ್ತಿಸಿಕೊಂಡರೆ ಶತಮಾನವನ್ನು ಅಂದಾಜು ಮಾಡುವಷ್ಟು ಕಲಿತಂತೆ. ಅದಾದ ಮೇಲೆ ಯಮಾಶಿರೊ, ಯಮಾತೊ, ಬಿಝೆನ್, ಸೋಶು, ಮಿನೊ ಎಂಬ ಐದು ಪರಂಪರೆಗಳ ಲಕ್ಷಣಗಳಿಗೆ ಬನ್ನಿ.

ಹತ್ತಿರದಲ್ಲಿ ನೋಡಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಜಪಾನಿ ವಿಭಾಗದಲ್ಲಿ ಕಟಾನಾ, ವಾಕಿಝಾಶಿಗಳಿವೆ. ಗಾಜಿನ ಮುಂದೆ ನಿಂತು ನೋಡಬೇಡಿ. ಮಂಡಿ ಬಗ್ಗಿಸಿ, ದೀಪದ ಪ್ರತಿಫಲನ ಅಲಗಿನ ಮೇಲೆ ಬೀಳುವ ಮಟ್ಟಕ್ಕೆ ಕಣ್ಣನ್ನು ಇಳಿಸಿ, ಹೆಜ್ಜೆ ಹೆಜ್ಜೆಯಾಗಿ ಪಕ್ಕಕ್ಕೆ ಸರಿಯಿರಿ. ಕಂಡ ಹಾಮೊನ್ ರೇಖೆಯನ್ನು ಪೆನ್ಸಿಲ್‌ನಲ್ಲಿ ಬಿಡಿಸಿಕೊಂಡು ಬನ್ನಿ.